ನೋಯದ ಅಂಚು

ದಮ್ಮಣ್ಣನ ನಿಜವಾದ ಹೆಸರು ಸಂಬಳ ಕೊಡುವ ಗುಮಾಸ್ತನೊಬ್ಬನಿಗೆ ಮಾತ್ರ ನೆನಪಿತ್ತು. ಉಳಿದವರಿಗೆಲ್ಲ ಅವನು ದಮ್ಮಣ್ಣನೇ. ನಗರಸಭೆಯ ಬ್ಯಾಂಡಿಗೆ ಸೇರಿದ ಹೊಸತರಲ್ಲಿ ಉದ್ಯಾನದ ಕಾರ್ಯಕ್ರಮವೊಂದರಲ್ಲಿ ಅವನು ಟ್ರಂಪೆಟ್ಟಿನಲ್ಲಿ ಒಂದು ಸ್ವರ ಹಿಡಿದವನು ಬಿಡಲೇ ಇಲ್ಲವಂತೆ. ಬ್ಯಾಂಡ್ ಮಾಸ್ತರು ಕೈಯಲ್ಲಿದ್ದ ಕೋಲನ್ನು ಕೆಳಗಿಳಿಸಿ, ಕರವಸ್ತ್ರ ತೆಗೆದು ಮುಖ ಒರೆಸಿಕೊಂಡು, ಮತ್ತೆ ಕೋಲೆತ್ತಿದಾಗಲೂ ಸ್ವರ ಅಲ್ಲೇ ನಿಂತಿತ್ತಂತೆ. ಈ ಕತೆಯನ್ನು ಹೇಳುತ್ತಿದ್ದವನು ದಮ್ಮಣ್ಣನೇ ಆದ್ದರಿಂದ ವರ್ಷ ಕಳೆದಂತೆ ಮಾಸ್ತರು ಮುಖದ ಜೊತೆಗೆ ಕುತ್ತಿಗೆಯನ್ನೂ ಒರೆಸಿಕೊಳ್ಳತೊಡಗಿದರು, ಆಮೇಲೆ ಕನ್ನಡಕವನ್ನೂ. ಯಾರೂ ಅವನನ್ನು ತಡೆದು ಕೇಳುತ್ತಿರಲಿಲ್ಲ. ಅವನು ಹೇಳಿದ್ದರಲ್ಲಿ ಅರ್ಧ ಸುಳ್ಳಾದರೂ ಉಳಿದರ್ಧವೇ ಬೇರೆಯವರ ಕೈಲಾಗದ ಕೆಲಸವಾಗಿತ್ತು.

ಟ್ರಂಪೆಟ್ ಊದುವುದಕ್ಕೆ ದಮ್ಮು ಬೇಕು ಎಂದು ಕುರ್ಚಿಯಲ್ಲಿ ಕೂತು ಕೇಳುವವರು ಅಂದುಕೊಳ್ಳುತ್ತಾರೆ. ಊದುವವನಿಗೆ ಗೊತ್ತು, ಎಲ್ಲವೂ ಇರುವುದು ತುಟಿಯಲ್ಲಿ. ವಾದ್ಯದ ತುದಿಗೆ ಸಿಕ್ಕಿಸುವ ಮೌತ್‌ಪೀಸ್ ಎಂಬ ಪುಟ್ಟ ಬಟ್ಟಲಿದೆಯಲ್ಲ, ಅದರೊಳಗೆ ತುಟಿ ನಡುಗಬೇಕು. ಆ ನಡುಕವೇ ಸ್ವರ. ಮೇಲಿನ ಸ್ವರ ಬೇಕೆಂದರೆ ತುಟಿಯನ್ನು ಬಿಗಿಯಬೇಕು. ಬಿಗಿಯಲಾರದವನು ಬಟ್ಟಲನ್ನು ತುಟಿಗೆ ಒತ್ತುತ್ತಾನೆ. ಒತ್ತಿದರೆ ರಕ್ತ ಓಡಾಡುವುದಿಲ್ಲ, ತುಟಿ ಮರಗಟ್ಟುತ್ತದೆ, ಆಮೇಲೆ ಎಷ್ಟು ದಮ್ಮಿದ್ದರೂ ಬರುವುದು ಬರೀ ಗಾಳಿ.

ದಮ್ಮಣ್ಣನ ಮೌತ್‌ಪೀಸಿನ ಅಂಚು ತೆಳುವಾಗಿತ್ತು, ಹರಿತವಾಗಿತ್ತು. ಬ್ಯಾಂಡಿನವರು ಅದನ್ನು ಚಾಕು ಎಂದು ಕರೆಯುತ್ತಿದ್ದರು. ಅದನ್ನಿಟ್ಟುಕೊಂಡು ಹೇಗೆ ಊದುತ್ತಾನೋ ಪುಣ್ಯಾತ್ಮ ಎಂದು ಒಬ್ಬೊಬ್ಬರೂ ಒಂದೊಂದು ಸಲ ಬಾಯಿಗಿಟ್ಟು ನೋಡಿ ಮುಖ ಕಿವುಚಿದ್ದರು. ಚಾಕು ಸ್ವರವನ್ನು ಕತ್ತರಿಸಿ ಕೊಟ್ಟಂತೆ ಕೊಡುತ್ತಿತ್ತು, ಆದರೆ ಸ್ವಲ್ಪ ಒತ್ತಿದರೂ ಕುಯ್ಯುತ್ತಿತ್ತು. ಕುಯ್ಯುತ್ತಿದ್ದುದರಿಂದಲೇ ದಮ್ಮಣ್ಣ ಒತ್ತದೆ ಊದುವುದನ್ನು ಕಲಿತ, ಮಗಳಿಗೂ ಕಲಿಸಿದ. ಬಲಗೈಯ ಕಿರುಬೆರಳಿಗೆಂದು ಟ್ರಂಪೆಟ್ಟಿನ ಮೇಲೆ ಒಂದು ಕೊಕ್ಕೆ ಇರುತ್ತದೆ. ಬೆರಳನ್ನು ಅದರೊಳಗೆ ಸಿಕ್ಕಿಸಿದರೆ ಗೊತ್ತಿಲ್ಲದೆಯೇ ವಾದ್ಯವನ್ನು ಬಾಯಿಯ ಕಡೆಗೆ ಎಳೆಯುತ್ತೇವೆ. ಮಗಳು ಚಿಕ್ಕವಳಿದ್ದಾಗ ಅವಳ ಕಿರುಬೆರಳು ಕೊಕ್ಕೆಗೆ ಹೋದಾಗಲೆಲ್ಲ ದಮ್ಮಣ್ಣ ಪೆನ್ಸಿಲಿನಿಂದ ಒಂದು ಏಟು ಕೊಡುತ್ತಿದ್ದ. ಅವಳು ಅಳಲಿಲ್ಲ, ಕಲಿತಳು. ಈಗ ಅದೇ ಬ್ಯಾಂಡಿನಲ್ಲಿ ಅವನ ಎಡಗಡೆ ಕೂತು ಎರಡನೆಯ ಟ್ರಂಪೆಟ್ ಊದುತ್ತಿದ್ದಳು.

ಐವತ್ತು ದಾಟಿದ ಮೇಲೆ ದಮ್ಮಣ್ಣನ ಮುಂದಿನ ಹಲ್ಲೊಂದು ಒಂದು ಕೂದಲೆಳೆಯಷ್ಟು ಮುಂದೆ ಬಂತು. ಕನ್ನಡಿಗೂ ಕಾಣದ ಅಷ್ಟು ವ್ಯತ್ಯಾಸ ತುಟಿಗೆ ಸಾಕಾಯಿತು. ಹಲ್ಲಿಗೂ ಚಾಕಿಗೂ ನಡುವೆ ಸಿಕ್ಕ ಮೇಲ್ದುಟಿ ಕಾರ್ಯಕ್ರಮದ ಅರ್ಧಕ್ಕೇ ಸತ್ತುಹೋಗುತ್ತಿತ್ತು. ಕರವಸ್ತ್ರದಲ್ಲಿ ರಕ್ತದ ಕಲೆ ಕಾಣತೊಡಗಿತು. ಅವನು ಯಾರಿಗೂ ಹೇಳಲಿಲ್ಲ, ಮಗಳೊಬ್ಬಳಿಗೆ ಹೇಳುವ ಅಗತ್ಯವಿರಲಿಲ್ಲ. ತುಟಿ ಕೈಕೊಡುತ್ತದೆ ಅನ್ನಿಸಿದಾಗ ಅವನು ಮೊಣಕಾಲನ್ನು ಅವಳ ಮೊಣಕಾಲಿಗೆ ತಾಗಿಸುತ್ತಿದ್ದ. ಅವಳು ತನ್ನ ಭಾಗ ಬಿಟ್ಟು ಅವನ ಭಾಗ ಹಿಡಿಯುತ್ತಿದ್ದಳು. ಅವನು ವಾದ್ಯ ಬಾಯಿಗಿಟ್ಟುಕೊಂಡು, ಕೆನ್ನೆ ಉಬ್ಬಿಸಿ, ವಾಲ್ವು ಎಂಬ ಗುಂಡಿಗಳನ್ನು ಬೆರಳಿನಿಂದ ಒತ್ತುತ್ತಾ ಸುಮ್ಮನೆ ಕೂತಿರುತ್ತಿದ್ದ. ಕೇಳುವವರು ಚಪ್ಪಾಳೆ ತಟ್ಟುತ್ತಿದ್ದರು. ದಮ್ಮಣ್ಣ ಎದ್ದು ನಿಂತು ತಲೆ ಬಾಗಿಸುತ್ತಿದ್ದ, ಪಕ್ಕದಲ್ಲಿ ಮಗಳು ತನ್ನ ಹಾಳೆ ಜೋಡಿಸಿಕೊಳ್ಳುತ್ತಿದ್ದಳು. ಇದನ್ನು ಮನೆಯಲ್ಲಿ ಅವಳು ಒಂದು ದಿನವೂ ಎತ್ತಿ ಆಡಿದವಳಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ ಅಭ್ಯಾಸ ಮುಗಿದ ಮೇಲೆ ಬ್ಯಾಂಡ್ ಮಾಸ್ತರು ಇಬ್ಬರನ್ನೂ ನಿಲ್ಲಿಸಿಕೊಂಡರು. ಅಭ್ಯಾಸ ನಡೆಯುತ್ತಿದ್ದುದು ನೀರು ಸರಬರಾಜು ಕಚೇರಿಯ ಹಿಂದಿನ ಉದ್ದ ಕೋಣೆಯಲ್ಲಿ, ಹೊರಗೆ ಅಂಗಳದ ತುಂಬ ಕಬ್ಬಿಣದ ಪೈಪುಗಳು. ನಗರಸಭೆಗೆ ಖರ್ಚು ಕಡಿಮೆ ಮಾಡಬೇಕೆನಿಸಿದಾಗ ಮೊದಲು ಕಣ್ಣಿಗೆ ಬೀಳುವುದು ಬ್ಯಾಂಡು. ಕಾರ್ಯಕ್ರಮಗಳ ಮುಂದಿನ ಋತುವಿನಿಂದ ಟ್ರಂಪೆಟ್ ಒಂದೇ ಸಾಕು ಎಂದು ಮೇಲಿನವರು ತೀರ್ಮಾನಿಸಿದ್ದಾರೆ, ಇಬ್ಬರೂ ಒಂದೇ ಪಾಠ ನುಡಿಸಬೇಕು, ಮೂವರು ಕೇಳುತ್ತಾರೆ, ಯಾರು ನುಡಿಸಿದ್ದೆಂದು ತಿಳಿಯದಂತೆ ನಡುವೆ ಪರದೆ ಕಟ್ಟುತ್ತಾರೆ, ಎಂದು ಮಾಸ್ತರು ನೆಲ ನೋಡುತ್ತಾ ಹೇಳಿದರು. ಅಪ್ಪ-ಮಗಳನ್ನು ಎದುರು ಬದುರು ನಿಲ್ಲಿಸುವುದು ತಮಗೇನೂ ಇಷ್ಟವಿಲ್ಲ ಎಂದೂ ಸೇರಿಸಿದರು. ಇಷ್ಟವಿಲ್ಲದ ಕೆಲಸವನ್ನೇ ಅವರು ಆ ಕುರ್ಚಿಯಲ್ಲಿ ಕೂತು ಜೀವನವಿಡೀ ಮಾಡಿದ್ದರು.

ಆ ದಿನ ಊಟಕ್ಕೆ ಕೂತಾಗ ದಮ್ಮಣ್ಣ ತಾನಾಗಿಯೇ ಮಾತೆತ್ತಿದ. ಇನ್ನೆಷ್ಟು ದಿನ ಊದೋಕಾಗುತ್ತೆ, ಅವಳದ್ದು ಈಗ ಶುರು, ನಾನು ಸುಮ್ಮನೆ ಮರ್ಯಾದೆಗೆ ಒಂದು ಸಲ ಊದಿ ಬರ್ತೀನಿ, ಜಾಗ ಅವಳಿಗೇ ಅಂದ. ಹೆಂಡತಿಯ ಮುಖ ಅರಳಿತು. ಮಗಳು ಮಾತ್ರ ತಲೆ ಎತ್ತದೆ, ಮರ್ಯಾದೆಗೆ ಊದುವುದಾದರೂ ಆ ಚಾಕಿನಲ್ಲಿ ಬೇಡ, ಬಾಯಿ ರಕ್ತ ಮಾಡಿಕೊಂಡು ಬರುವುದನ್ನು ನೋಡಲಾರೆ ಎಂದಳು. ಮರುದಿನವೇ ಅವನ ಕೈ ಹಿಡಿದು ವಾದ್ಯದಂಗಡಿಗೆ ಕರೆದುಕೊಂಡು ಹೋದಳು.

ಅಂಗಡಿಯವನು ಒಂದು ತಟ್ಟೆಯಲ್ಲಿ ಬಟ್ಟೆ ಹಾಸಿ ಮೌತ್‌ಪೀಸುಗಳನ್ನು ಸಾಲಾಗಿ ಇಟ್ಟ. ಅಪ್ಪ ಮಗಳಿಗೆ ಹೊತ್ತು ಹೋದದ್ದೇ ತಿಳಿಯಲಿಲ್ಲ. ಬಟ್ಟಲು ಆಳವಾಗಿದ್ದದ್ದರಲ್ಲಿ ದನಿ ದುಂಡಗೆ, ಬೆಚ್ಚಗೆ ಬಂತು, ಆದರೆ ನಾಲ್ಕು ಸಾಲು ಊದುವಷ್ಟರಲ್ಲಿ ತುಟಿ ಸೋತಿತು. ಆಳ ಕಡಿಮೆ ಇದ್ದದ್ದರಲ್ಲಿ ಮೇಲಿನ ಸ್ವರ ಕರೆಯದೆಯೇ ಬಂತು, ದನಿ ಮಾತ್ರ ತಗಡಿನ ಡಬ್ಬಿ ಬಡಿದಂತೆ. ಮಗಳು ಮೂಗು ಮುರಿದಳು. ಕೊನೆಗೆ ಅವಳೇ ತಟ್ಟೆಯಿಂದ ಒಂದನ್ನು ಆರಿಸಿ, ಅಂಚಿನ ಮೇಲೆ ಹೆಬ್ಬೆರಳು ಆಡಿಸಿ ನೋಡಿ, ಅಪ್ಪನ ಕೈಗೆ ಕೊಟ್ಟಳು. ಅದರ ಅಂಚು ಅಗಲವಾಗಿತ್ತು, ದುಂಡಗಿತ್ತು, ದಿಂಬಿನ ಹಾಗೆ.

ದಮ್ಮಣ್ಣ ಬಾಯಿಗಿಟ್ಟು ಊದಿದ. ನೋವಿಲ್ಲ. ಇನ್ನೊಂದಿಷ್ಟು ಊದಿದ, ಮೇಲೇರಿದ, ಅಲ್ಲೇ ನಿಂತ. ಎಳ್ಳಷ್ಟೂ ನೋವಿಲ್ಲ. ಎಷ್ಟೋ ದಿನಗಳಿಂದ ಬೆನ್ನ ಮೇಲಿದ್ದ ಮೂಟೆಯನ್ನು ಯಾರೋ ಇಳಿಸಿಕೊಂಡ ಹಾಗೆ ಅವನ ಕಣ್ಣಲ್ಲಿ ನೀರು ಬಂತು. ಅದನ್ನು ನೋಡಿ ಮಗಳ ಕಣ್ಣಲ್ಲೂ ಬಂತು. ಅವಳೇ ಅದನ್ನು ಕೊಡಿಸಿದಳು. ದಾರಿಯಲ್ಲಿ ಬರುತ್ತಾ ಒಂದು ಮಾತು ಹೇಳಿದಳು.

“ಅಪ್ಪ, ನೋವಾಗಲ್ಲ ಅಂತ ಒತ್ತಬೇಡ. ಚಾಕು ಆದ್ರೆ ನೀನು ಒತ್ತಿದಾಗ ಅದೇ ಹೇಳ್ತಿತ್ತು. ಇದು ಏನೂ ಹೇಳಲ್ಲ.”

“ನನಗೇ ಪಾಠ ಹೇಳ್ತೀಯಾ,” ಎಂದು ದಮ್ಮಣ್ಣ ಅವಳ ತಲೆಗೆ ಮೆಲ್ಲಗೆ ಮೊಟಕಿದ. ಇಬ್ಬರೂ ನಕ್ಕರು. ಅಷ್ಟು ಹಗುರವಾಗಿ ಅವರಿಬ್ಬರು ನಕ್ಕದ್ದು ಅದೇ ಕೊನೆ.

ಮನೆಯಲ್ಲಿ ಅಕ್ಕಪಕ್ಕದವರಿಗೆ ತೊಂದರೆಯಾಗಬಾರದೆಂದು ದಮ್ಮಣ್ಣ ಅಡುಗೆಮನೆಯ ಬಾಗಿಲು ಹಾಕಿಕೊಂಡು, ಕಿಟಕಿಗೆ ಕಂಬಳಿ ಬಿಟ್ಟು ಅಭ್ಯಾಸ ಮಾಡುತ್ತಿದ್ದ. ಮೊದಲು ಸ್ವಲ್ಪ ಹೊತ್ತು, ಆಮೇಲೆ ಇಡೀ ಮಧ್ಯಾಹ್ನ. ಮುಗಿಸಿ ಕನ್ನಡಿ ನೋಡಿಕೊಂಡರೆ ತುಟಿಯ ಮೇಲೆ ಮೊದಲಿನಂತೆ ಕೆಂಪು ಗೆರೆಯಿಲ್ಲ, ರಕ್ತವಿಲ್ಲ. ಒಂದು ದಿನ ಅವನಿಗೆ ತನ್ನ ಹಳೆಯ ಸ್ವರ ಕೇಳಿಸಿತು. ಉದ್ಯಾನದಲ್ಲಿ ಮಾಸ್ತರು ಮುಖ ಒರೆಸಿಕೊಂಡ ದಿನದ ಸ್ವರ. ಪಾತ್ರೆಗಳ ನಡುವೆ ನಿಂತಿದ್ದ ಮನುಷ್ಯನಿಗೆ ಮೈ ಜುಮ್ಮೆಂದಿತು. ಜಾಗ ಅವಳಿಗೇ ಎಂಬ ಮಾತು ಅವನ ಬಾಯಿಂದ ಆಮೇಲೆ ಬರಲಿಲ್ಲ. ಹೆಂಡತಿ ಅದನ್ನು ಗಮನಿಸಿದಳು. ಮಗಳೂ ಗಮನಿಸಿದಳು. ಬಾಗಿಲ ಹೊರಗೆ ನಿಂತು ಅವಳು ಕೇಳುತ್ತಿದ್ದಳೆಂಬುದು ದಮ್ಮಣ್ಣನಿಗೆ ಗೊತ್ತಿತ್ತು. ಗೊತ್ತಿದ್ದರಿಂದ ಇನ್ನಷ್ಟು ಜೋರಾಗಿ ಊದುತ್ತಿದ್ದ. ಯಾಕೆಂದು ಕೇಳಿದ್ದರೆ ಅವನೇ ತಡಬಡಾಯಿಸುತ್ತಿದ್ದ. ಮಗಳ ಮೇಲೆ ಅವನಿಗೆ ಪ್ರಾಣ. ಆದರೆ ಅವಳ ಸ್ವರಕ್ಕೆ ತಾನು ಎದ್ದು ತಲೆ ಬಾಗಿಸಿದ ಆ ಎಲ್ಲ ದಿನಗಳು ಒಳಗೆ ಎಲ್ಲೋ ಕೊಳೆಯುತ್ತಾ ಬಿದ್ದಿದ್ದವು. ಒಂದು ಸಲ, ಒಂದೇ ಒಂದು ಸಲ, ತನ್ನ ಚಪ್ಪಾಳೆಯನ್ನು ತಾನೇ ಗಳಿಸಬೇಕಿತ್ತು.

ಪರೀಕ್ಷೆಯ ದಿನ ಮೊದಲ ಸರದಿ ಮಗಳದ್ದು. ಒಬ್ಬರು ನುಡಿಸಿದ್ದು ಇನ್ನೊಬ್ಬರಿಗೆ ಕೇಳಬಾರದೆಂದು ದಮ್ಮಣ್ಣನನ್ನು ಅಂಗಳದಾಚೆಯ ಪೈಪಿನ ಉಗ್ರಾಣದಲ್ಲಿ ಕೂರಿಸಿದ್ದರು. ಅವನು ಅಲ್ಲಿ ಮೌತ್‌ಪೀಸನ್ನು ಅಂಗೈಯಲ್ಲಿ ಬೆಚ್ಚಗೆ ಹಿಡಿದುಕೊಂಡು ಕೂತಿದ್ದ. ಕರೆ ಬೇಗ ಬಂತು. ಇಷ್ಟು ಬೇಗವೇ ಎಂದುಕೊಂಡೇ ಎದ್ದ. ಅಂಗಳದ ನಡುವೆ ಮಗಳು ಎದುರಾಗಿ, ಚೆನ್ನಾಗಿ ನುಡಿಸಪ್ಪ ಎಂದಳು. ಅವಳ ಮುಖ ಶಾಂತವಾಗಿತ್ತು. ಗೆದ್ದವರ ಮುಖ ಎಂದು ದಮ್ಮಣ್ಣನಿಗೆ ಅನ್ನಿಸಿತು.

ಪರದೆಯ ಈಚೆ ಒಂದು ಕುರ್ಚಿ, ಹಾಳೆಯಿಡುವ ಸ್ಟ್ಯಾಂಡು, ಮೂಲೆಯಲ್ಲಿ ಬ್ಯಾಂಡ್ ಮಾಸ್ತರು. ಆಚೆ ಯಾರೋ ಕೆಮ್ಮಿದರು. ಪಾಠ ನಿಧಾನದ್ದು, ಕೊನೆಯ ಪುಟದಲ್ಲಿ ಮೆಟ್ಟಿಲು ಹತ್ತಿದ ಹಾಗೆ ಹತ್ತಿ ತುತ್ತತುದಿಯ ಸ್ವರದಲ್ಲಿ ನಿಲ್ಲಬೇಕು. ಮೊದಲ ಪುಟಗಳು ಸಲೀಸಾಗಿ ಹೋದವು. ಕೊನೆಯ ಪುಟದಲ್ಲಿ ತುಟಿ ಒಂದು ಸಲ ಅಳುಕಿತು. ಮೊಣಕಾಲು ತಾಗಿಸುವುದಕ್ಕೆ ಪಕ್ಕದಲ್ಲಿ ಯಾರೂ ಇಲ್ಲ. ಅಂಗಳದಲ್ಲಿ ಕಂಡ ಆ ಶಾಂತ ಮುಖ ಅವನ ಕಣ್ಣ ಮುಂದೆ ಬಂತು. ದಮ್ಮಣ್ಣ ಕಿರುಬೆರಳನ್ನು ಕೊಕ್ಕೆಗೆ ಸಿಕ್ಕಿಸಿ ಎಳೆದ. ನೋವಾಗಲಿಲ್ಲ. ಇನ್ನೂ ಎಳೆದ. ಅಗಲ ಅಂಚು ಹಲ್ಲಿನ ಮೇಲೆ ತುಟಿಯನ್ನು ಅರೆಯುತ್ತಿರಬೇಕು, ಆದರೆ ಅದು ತುಟಿಪಿಟಕ್ಕೆನ್ನಲಿಲ್ಲ. ತುದಿಯ ಸ್ವರ ಬಂತು, ನಿಂತಿತು, ಕೋಣೆಯ ತಗಡಿನ ಮಾಡು ಝಲ್ಲೆನ್ನುವ ಹಾಗೆ ನಿಂತಿತು. ಅದರ ನಡುವೆ ಮೇಲ್ದುಟಿಯ ಒಳಗೆ, ಹಳೆಯ ಹೊಲಿಗೆಯೊಂದು ಬಿಟ್ಟ ಹಾಗೆ, ಏನೋ ಸಣ್ಣಗೆ ಜಾರಿತು. ಅವನು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಜಾಗ ಅವನಿಗೇ ಸಿಕ್ಕಿತು. ಮಗಳು ಎಲ್ಲರಿಗಿಂತ ಮೊದಲು ಬಂದು ಅವನ ಕೈ ಹಿಡಿದುಕೊಂಡಳು. ಆಮೇಲೆ ಅವನಿಗಿಂತ ಮುಂಚೆ ಮನೆ ಸೇರಿದಳು. ಅವನು ಮನೆಗೆ ಬಂದಾಗ ಹೆಂಡತಿ ಒಲೆಯ ಮುಂದೆ ನಿಂತೇ ಇದ್ದಳು, ತಿರುಗಲಿಲ್ಲ.

“ಅವಳು ಹೇಗೆ ನುಡಿಸಿದ್ಲು ಅಂತ ಯಾರನ್ನಾದ್ರೂ ಕೇಳಿದ್ರಾ?” ಎಂದಳು.

ನನ್ನನ್ನು ಉಗ್ರಾಣದಲ್ಲಿ ಕೂರಿಸಿದ್ದರು, ನನಗೆ ಹೇಗೆ ಗೊತ್ತಾಗಬೇಕು ಎಂದು ದಮ್ಮಣ್ಣ ರೇಗಿದ. ಹೆಂಡತಿ ಏನೋ ಹೇಳಹೋಗಿ ಮಗಳ ಮುಖ ನೋಡಿ ಮಾತು ನುಂಗಿಕೊಂಡಳು. ಅವತ್ತಿನಿಂದ ಅವಳು ಅವನೊಡನೆ ಆಡುತ್ತಿದ್ದ ಮಾತೆಂದರೆ ಊಟ ಆಯ್ತು ಬನ್ನಿ, ಬಾಗಿಲು ಹಾಕಿಕೊಳ್ಳಿ, ಅಷ್ಟೇ. ಮಗಳು ಬಸ್ ನಿಲ್ದಾಣದ ಹಿಂದಿನ ಲಾಂಡ್ರಿಯಲ್ಲಿ ಕೆಲಸಕ್ಕೆ ಸೇರಿದಳು. ಹೋಟೆಲುಗಳ ಹಾಸಿಗೆ ಬಟ್ಟೆ, ಮೇಜಿನ ಬಟ್ಟೆಗಳನ್ನು ಉಗಿಯ ಇಸ್ತ್ರಿಯಡಿ ಹಾಸಿ ಎಳೆಯುವ ಕೆಲಸ. ಅಲ್ಲಿಗೇ ಹತ್ತಿರವಾಗುತ್ತದೆ ಎಂದು ಜೊತೆಯಲ್ಲಿ ಕೆಲಸ ಮಾಡುವವಳ ಕೋಣೆಗೆ ಇರಲು ಹೋದಳು. ಟ್ರಂಪೆಟ್ ಮನೆಯಲ್ಲಿದ್ದ ಅವಳ ಮಂಚದ ಕೆಳಗೆ ಸೇರಿತು. ಇವೆಲ್ಲ ಒಂದಾದ ಮೇಲೊಂದು ಎಷ್ಟು ಸದ್ದಿಲ್ಲದೆ ನಡೆದುಹೋದವೆಂದರೆ, ದಮ್ಮಣ್ಣನಿಗೆ ಬೇಡ ಎನ್ನುವುದಕ್ಕೂ ಒಂದು ಸಂದರ್ಭ ಸಿಗಲಿಲ್ಲ. ಸಿಕ್ಕಿದ್ದರೆ ಹೇಳುತ್ತಿದ್ದನೇ ಎಂದು ನನ್ನನ್ನು ಕೇಳಬೇಡಿ.

ಹೊಸ ಋತುವಿನ ಮೊದಲ ಕಾರ್ಯಕ್ರಮ ಉದ್ಯಾನದಲ್ಲೇ ಇತ್ತು. ಎಡಗಡೆಯ ಕುರ್ಚಿಯನ್ನು ತೆಗೆದುಹಾಕಿದ್ದರು. ಮೊದಲು ನುಡಿಸಿದ ಮಾರ್ಚಿಂಗ್ ಧಾಟಿಯಲ್ಲಿ ಅವನು ಹೇಗೋ ಪಾರಾದ. ಎರಡನೆಯದರಲ್ಲಿ ಮೇಲ್ದುಟಿಯ ಒಂದು ಬದಿಯಿಂದ ಗಾಳಿ ಸೋರತೊಡಗಿತು. ಒತ್ತಿದ. ನೋವಿಲ್ಲ, ಸ್ವರವೂ ಇಲ್ಲ. ಮೂರನೆಯದರ ನಡುವೆ, ಟ್ರಂಪೆಟ್ ಒಂದೇ ನುಡಿಯಬೇಕಾದ ಜಾಗದಲ್ಲಿ, ಇಡೀ ಬ್ಯಾಂಡು ನಿಂತು ಅವನಿಗಾಗಿ ಕಾಯಿತು. ವಾದ್ಯದಿಂದ ಸೈಕಲ್ಲಿನ ಟ್ಯೂಬು ಇಳಿದಂಥ ಸದ್ದು ಬಂತು. ಮುಂದಿನ ಸಾಲಿನಲ್ಲಿ ಒಂದು ಮಗು ನಕ್ಕಿತು. ಅದರ ತಾಯಿ ಅದರ ಬಾಯಿ ಮುಚ್ಚಿದಳು, ದಮ್ಮಣ್ಣನಿಗೆ ಅದೇ ಹೆಚ್ಚು ಅವಮಾನವೆನ್ನಿಸಿತು.

ಡಾಕ್ಟರು ತುಟಿಯನ್ನು ಮಡಚಿ, ದೀಪ ಹಿಡಿದು, ಬೆರಳಿಟ್ಟು ಒತ್ತಿ ಒತ್ತಿ ನೋಡಿದರು. ಬಾಯಿಯ ಸುತ್ತ ಬಳೆಯಂತೆ ಒಂದು ಸ್ನಾಯು ಇರುತ್ತದೆ, ಅದು ಹರಿದಿದೆ, ಹರಿದು ಬಹಳ ದಿನವಾಗಿದೆ, ಹರಿದದ್ದರ ಮೇಲೆ ಮತ್ತೆ ಮತ್ತೆ ಊದಿದ್ದೀರಿ ಎಂದರು. ಹೊಲಿಯಬಹುದು, ಊಟ ಮಾತು ಎಲ್ಲ ಸರಿಹೋಗುತ್ತದೆ, ಟ್ರಂಪೆಟ್ ಮಾತ್ರ ಮರೆತುಬಿಡಿ ಎಂದರು. ಕೈ ತೊಳೆಯುತ್ತಾ ಅವರು ಒಂದು ಪ್ರಶ್ನೆ ಕೇಳಿದರು.

“ಆಗ್ಲೇ ತುಂಬಾ ನೋವಾಗಬೇಕಿತ್ತಲ್ಲ? ನೋವಾಗಿದ್ರೆ ನೀವೇ ನಿಲ್ಲಿಸಿಬಿಡ್ತಿದ್ರಿ.”

ಅಲ್ಲಿಂದ ಅವನು ನೇರವಾಗಿ ಬ್ಯಾಂಡ್ ಮಾಸ್ತರ ಕೋಣೆಗೆ ನಡೆದ. ದಾರಿಯುದ್ದಕ್ಕೂ ಅವನ ತಲೆಯಲ್ಲಿ ಒಂದೇ ಯೋಚನೆ. ತನ್ನದು ಮುಗಿಯಿತು, ಇರಲಿ, ಮಗಳಿಗಾದರೂ ಜಾಗ ಸಿಗಲಿ. ಸೋತವನ ಈ ಒಳ್ಳೆಯತನದಲ್ಲಿ ಅವನಿಗೆ ಸ್ವಲ್ಪ ಸಮಾಧಾನವೂ ಸಿಕ್ಕಿತ್ತು. ಮಾಸ್ತರು ಎಲ್ಲ ಕೇಳಿಸಿಕೊಂಡು ಚಹಾ ತರಿಸಿದರು.

“ನಿಮ್ಮಿಬ್ಬರದ್ದೂ ಮನೇಲೇ ಮಾತಾಗಿದೆ ಅಂದ್ಕೊಂಡಿದ್ದೆ ನಾನು,” ಎಂದರು. “ಅವಳು ಕೊನೇ ಪುಟ ನುಡಿಸ್ಲೇ ಇಲ್ಲ ಕಣಯ್ಯ. ಅಲ್ಲೀವರೆಗೂ ಅದ್ಭುತವಾಗಿ ಬಂದು, ಹಾಳೆ ಮಗುಚಿಟ್ಟು, ಎದ್ದುಬಿಟ್ಲು. ಯಾಕಮ್ಮ ಅಂದ್ರೆ, ಸಾಕು ಸರ್, ಅಪ್ಪನ್ನ ಕರೀರಿ ಅಂದ್ಲು. ಆಮೇಲೆ ನೀನು ಏನು ಊದಿದ್ರೂ ಜಾಗ ನಿನಗೇ ಆಗ್ತಿತ್ತು.”

ದಮ್ಮಣ್ಣ ಆ ಮಾತನ್ನು ತನ್ನೊಳಗೇ ಮತ್ತೊಮ್ಮೆ ಹೇಳಿಕೊಂಡ. ಏನು ಊದಿದರೂ. ಆ ತುದಿಯ ಸ್ವರವನ್ನು ಊದದೆ ಕೈಬಿಟ್ಟಿದ್ದರೂ, ಕೆಳಗಿನ ಸ್ವರದಲ್ಲೇ ನಿಂತಿದ್ದರೂ. ಅವಳು ಕಾಳಗಕ್ಕೆ ಬರಲೇ ಇಲ್ಲ, ಅವನು ಖಾಲಿ ಅಂಗಳದಲ್ಲಿ ನಿಂತು ತನ್ನ ತುಟಿಯನ್ನು ತಾನೇ ಹರಿದುಕೊಂಡಿದ್ದ. ಅಂಗಳದಲ್ಲಿ ಕಂಡ ಆ ಶಾಂತ ಮುಖ ಗೆದ್ದವಳದ್ದಲ್ಲ, ಕೊಟ್ಟವಳದ್ದು. ಚಹಾ ಎತ್ತಿದ, ತುಟಿಯ ಸಂದಿಯಿಂದ ಅದು ಅಂಗಿಯ ಮೇಲೆ ಸೋರಿತು.

ಮಾಸ್ತರು ಅವನ ಭುಜದ ಮೇಲೆ ಕೈಯಿಟ್ಟರು. ಈ ಸಲ ಪರದೆ ಗಿರದೆ ಏನೂ ಬೇಕಾಗಿಲ್ಲ, ಅವಳ ಸ್ವರ ತಮಗೆ ಗೊತ್ತಿದೆ, ಶನಿವಾರದೊಳಗೆ ಬಂದು ಕೂರಲಿ, ತಡವಾದರೆ ಮೇಲಿನವರು ಬೇರೆ ಊರಿನಿಂದ ಯಾರನ್ನಾದರೂ ಕರೆಸಿಬಿಡುತ್ತಾರೆ ಎಂದರು. ತಾವು ಕರೆದರೆ ಅಪ್ಪನ ಜಾಗಕ್ಕೆ ಬರುವುದಿಲ್ಲ ಎನ್ನುತ್ತಾಳೆ, ನೀನೇ ಹೋಗಿ ಹೇಳು ಎಂದರು.

ಮನೆಗೆ ಹೋಗಿ ಹೆಂಡತಿಗೆ ಹೇಳಿದ, ತುಟಿಯ ವಿಷಯವನ್ನೂ, ಜಾಗದ ವಿಷಯವನ್ನೂ. ಅವಳು ಮೊದಲು ಅತ್ತಳು, ಆಮೇಲೆ ಎಷ್ಟೋ ತಿಂಗಳ ಮೇಲೆ ಅವನ ಪಕ್ಕ ಬಂದು ಕೂತಳು. ಅವಳು ಕೊನೇ ಪುಟ ಬಿಟ್ಟು ಎದ್ದುಬಂದದ್ದನ್ನ ನಿಮಗೆ ಹೇಳಬೇಡ ಅಂತ ನನ್ನ ಕೈಲಿ ಮಾತು ತಗೊಂಡಿದ್ಲು ಎಂದಳು. ಈಗಲೇ ಹೋಗಿ, ಊಟ ಆಮೇಲೆ ಮಾಡಿದರಾಯಿತು ಎಂದು ತಾನೇ ಅವನ ಅಂಗಿ ಬದಲಾಯಿಸಿ ಕೊಟ್ಟು ಬಾಗಿಲವರೆಗೂ ಬಂದಳು.

ಲಾಂಡ್ರಿಯ ಒಳಗೆ ಉಗಿ ಕವಿದಿತ್ತು. ಮಗಳು ಉದ್ದದ ಬಿಳಿ ಬಟ್ಟೆಯೊಂದನ್ನು ಇಸ್ತ್ರಿಯ ಹಲಗೆಯ ಮೇಲೆ ಎಳೆಯುತ್ತಿದ್ದವಳು ಅಪ್ಪನನ್ನು ನೋಡಿ ಓಡಿ ಬಂದಳು. ಅವಳ ಮುಂಗೈ ಮೇಲೆ ಸುಟ್ಟ ಗೆರೆಗಳಿದ್ದವು. ಅಪ್ಪನನ್ನು ಸ್ಟೂಲಿನ ಮೇಲೆ ಕೂರಿಸಿ ನೀರು ಕೊಟ್ಟಳು. ದಾರಿಯಲ್ಲಿ ದಮ್ಮಣ್ಣ ಹೇಳಬೇಕಾದದ್ದನ್ನೆಲ್ಲ ಸಾಲಾಗಿ ಜೋಡಿಸಿಕೊಂಡಿದ್ದ. ನೀನು ಬಿಟ್ಟುಕೊಟ್ಟೆ, ನಾನು ನಿನ್ನನ್ನು ಸೋಲಿಸಬೇಕೆಂದು ಬೆರಳು ಸಿಕ್ಕಿಸಿ ಎಳೆದೆ, ಇದು ನನ್ನ ಕೈಯಾರೆ ಆದದ್ದು, ನೀನು ಬಾ. ಮೊದಲು ತುಟಿಯ ವಿಷಯ ಹೇಳಿದ. ಅವಳ ಮುಖದಿಂದ ಬಣ್ಣ ಇಳಿದುಹೋಯಿತು. ಅವನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದಳು, ಚಿಕ್ಕವಳಿದ್ದಾಗ ಅವಳ ತುಟಿಯನ್ನು ಅವನು ನೋಡುತ್ತಿದ್ದ ಹಾಗೆಯೇ.

“ನೋವಿದೆಯಾ?”

“ಇಲ್ಲ.”

“ಹೇಗಾಯ್ತಪ್ಪ ಇದು?” ಎಂದಳು. ಉತ್ತರಕ್ಕೆ ಕಾಯಲಿಲ್ಲ, ತನ್ನೊಳಗೇ ಲೆಕ್ಕ ಹಾಕುತ್ತಿದ್ದಳು. “ನೀನಂತೂ ಒತ್ತೋನಲ್ಲ. ಬೆರಳು ಸಿಕ್ಕಿಸೋನಲ್ಲ. ಅದನ್ನ ನಂಗೆ ಕಲಿಸಿದ್ದೇ ನೀನು. ಹಾಗಾದ್ರೆ ಆ ಅಂಚೇ ಅಲ್ವಾ? ಅದೇ ನಿಂಗೆ ಒಗ್ಗಲಿಲ್ಲ ಅಲ್ವಾ?”

ಅವಳು ಅವನನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ಅವನು ಇನ್ನೂ ಮೊದಲಿನ ದಮ್ಮಣ್ಣನೇ ಆಗಿದ್ದ, ಪೆನ್ಸಿಲು ಹಿಡಿದು ಕೂತ, ತಪ್ಪು ಮಾಡದ ಮನುಷ್ಯ. ಜಗತ್ತಿನಲ್ಲಿ ಇನ್ನು ಹಾಗೆ ನೋಡುವವರು ಅವಳೊಬ್ಬಳೇ ಉಳಿದಿದ್ದಳು. ದಮ್ಮಣ್ಣ ಬಾಯಿ ತೆರೆದ.

“ಹೂಂ,” ಎಂದ.

ಅಷ್ಟೇ. ಜೋಡಿಸಿಕೊಂಡು ಬಂದದ್ದೆಲ್ಲ ಆ ಒಂದು ಸದ್ದಿನ ಹಿಂದೆ ಉಳಿದುಹೋಯಿತು. ಮಗಳು ಮೆಲ್ಲಗೆ ಅವನ ಗಲ್ಲ ಬಿಟ್ಟಳು. ಹಿಂದೆ ಸರಿದು ಹಲಗೆಗೆ ಒರಗಿ ನಿಂತಳು. ಆಮೇಲೆ ಅವನು ಹೇಳಬೇಕಾದ ಇನ್ನೊಂದು ಮಾತನ್ನು ಹೇಳಿದ. ಜಾಗ ಖಾಲಿಯಿದೆ, ಮಾಸ್ತರು ನಿನ್ನನ್ನೇ ಕರೆಯುತ್ತಿದ್ದಾರೆ, ನೀನು ಅವತ್ತು ಏನು ಮಾಡಿದೆ ಎಂದು ನನಗೆ ಗೊತ್ತಾಯಿತು, ಈ ವಾರವೇ ಬಂದು ಕೂತುಬಿಡು ಎಂದ. ಹೇಳುತ್ತಿರುವಾಗಲೇ ಆ ಮಾತುಗಳಿಗೆ ಬಲವಿಲ್ಲವೆಂದು ಅವನಿಗೇ ತಿಳಿಯುತ್ತಿತ್ತು.

“ಅಂಗಡೀಲಿ ಅಷ್ಟೊಂದಿತ್ತು,” ಎಂದಳು ಮಗಳು. “ಅದನ್ನ ಆರಿಸಿದವಳು ನಾನು. ನೀನು ಊದ್ತಿರಲಿ ಅಂತ ನಾನು ಎದ್ದು ಬಂದೆ. ನೀನು ಊದ್ತಾ ಇದ್ದೀಯ ಅಂದ್ಕೊಂಡೇ ಇಲ್ಲಿ ದಿನ ತಳ್ತಿದ್ದೆ. ನನ್ನ ಕೈಯಿಂದ್ಲೇ ನಿನ್ನ ತುಟಿ ಹೋಯ್ತು. ಇನ್ನು ಆ ಕುರ್ಚೀಲಿ ಕೂತು ಯಾವ ಬಾಯಲ್ಲಿ ಊದ್ಲಿ ಅಪ್ಪ ನಾನು?”

ಈಗಲೂ ಹೊತ್ತು ಮೀರಿರಲಿಲ್ಲ. ಇಲ್ಲ ಮಗಳೇ, ನಿನ್ನ ಅಂಚಲ್ಲ, ನನ್ನ ಬೆರಳು ಎಂದರೆ ಮುಗಿಯುತ್ತಿತ್ತು. ಅವಳು ಸಿಟ್ಟಾಗುತ್ತಿದ್ದಳು, ಅವನ ಮುಖ ನೋಡುವುದನ್ನೇ ಬಿಡುತ್ತಿದ್ದಳೇನೋ, ಆದರೆ ಊದುತ್ತಿದ್ದಳು. ದಮ್ಮಣ್ಣ ಸ್ಟೂಲಿನ ಮೇಲೆ ಕೂತೇ ಇದ್ದ. ಹೊರಗೆ ಗಾಡಿ ಬಂದು ನಿಂತಿತು, ಯಾರೋ ಬಟ್ಟೆಯ ಮೂಟೆಗಳನ್ನು ಒಳಗೆ ಹಾಕತೊಡಗಿದರು. ಮೇಲ್ವಿಚಾರಕಿ ಮಗಳ ಕಡೆ ನೋಡಿದಳು. ಅವಳು ಕಣ್ಣೊರೆಸಿಕೊಂಡು, ತುಟಿಗೆ ತಣ್ಣೀರು ಬಟ್ಟೆ ಇಟ್ಕೋ, ಬಿಸಿ ಕುಡಿಯಬೇಡ, ಭಾನುವಾರ ಬರ್ತೀನಿ ಎಂದು ಹೇಳಿ ಇಸ್ತ್ರಿಯ ಬಳಿಗೆ ಹೋದಳು. ಉಗಿಯಲ್ಲಿ ಅವಳ ಬೆನ್ನು ಮಾತ್ರ ಕಾಣುತ್ತಿತ್ತು.

ಅವನು ನಡೆದೇ ಮನೆಗೆ ಬಂದ. ಬಸ್ಸುಗಳು ಪಕ್ಕದಲ್ಲೇ ಹೋದವು, ಹತ್ತಬೇಕೆನ್ನಿಸಲಿಲ್ಲ. ಎರಡು ಸಲ ಹಿಂದಕ್ಕೆ ತಿರುಗಿದ, ಎರಡು ಸಲವೂ ನಾಲ್ಕು ಹೆಜ್ಜೆ ಹಾಕಿ ನಿಂತ. ಭಾನುವಾರ ಹೇಳಿದರಾಯಿತು ಎಂದುಕೊಂಡ. ಭಾನುವಾರದ ಹೊತ್ತಿಗೆ ಬೇರೆ ಊರಿನವನು ಬಂದು ಕೂತಿರುತ್ತಾನೆ ಎಂಬುದೂ ಅವನಿಗೆ ಗೊತ್ತಿತ್ತು.

ಹೆಂಡತಿ ಬಾಗಿಲಲ್ಲೇ ಕಾಯುತ್ತಿದ್ದಳು. ತಲೆ ಬಾಚಿಕೊಂಡಿದ್ದಳು, ಮಗಳೂ ಜೊತೆಯಲ್ಲೇ ಬರಬಹುದೆಂದು ಅವಳ ಮಂಚಕ್ಕೆ ಹೊಸ ಹೊದಿಕೆ ಹಾಸಿದ್ದಳು.

“ಏನಂದ್ಲು? ಬರ್ತಾಳಂತಾ?”

ದಮ್ಮಣ್ಣ ಅವಳನ್ನು ದಾಟಿ ಒಳಗೆ ಬಂದ.

“ಅವಳಿಗೇ ಬೇಡವಂತೆ,” ಎಂದ, ಚಪ್ಪಲಿ ಬಿಡುತ್ತಾ.